ಕ್ಲೋರಿನ್, ಯುವಿ, ಕುದಿಸುವುದು: ಕೊಡಗಿನ ನೀರಿಗೂ ನಿಮ್ಮ ಮನೆಯ ಪೈಪಿಗೂ ಯಾವುದು ಹೊಂದುತ್ತದೆ?

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಕೊಡಗಿನ ತೋಟದ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ ನೀರಿನ ಮಾತು ಶುರುವಾಗುತ್ತದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಬೇಕಾ? ಅತಿನೇರಳೆ ಬೆಳಕಿನಿಂದ ಕ್ರಿಮಿ ಕೊಲ್ಲುವ ಯುವಿ ಫಿಲ್ಟರ್ ಕೂರಿಸಬೇಕಾ? ಎಂದಿನಂತೆ ಕುದಿಸಿ ಕುಡಿದರೆ ಸಾಕಾ? ಅಂಗಡಿಯಲ್ಲಿ ಕೇಳಿದರೆ ಯಾವುದು ಎಷ್ಟು ಕ್ರಿಮಿ ಕೊಲ್ಲುತ್ತದೆ ಅಂತ ಹೇಳುತ್ತಾರೆ. ಆ ನೀರು ನಿಮ್ಮ ಪೈಪನ್ನು, ನಲ್ಲಿಯನ್ನು, ಗೀಸರನ್ನು ಏನು ಮಾಡುತ್ತದೆ, ಅವುಗಳಿಂದ ಏನೇನು ಕರಗಿಸಿಕೊಂಡು ಲೋಟಕ್ಕೆ ತರುತ್ತದೆ ಅನ್ನುವುದನ್ನು ಹೇಳುವವರು ಕಡಿಮೆ. ನಮ್ಮ ಜಿಲ್ಲೆಯ ಮಟ್ಟಿಗೆ ಈ ಎರಡನೇ ಪ್ರಶ್ನೆಯನ್ನು ಮೊದಲು ಕೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಮೊದಲು ನಿಮ್ಮ ನೀರು ಎಂಥದ್ದು ನೋಡಿ

ಭಾಗಮಂಡಲ, ನಾಪೋಕ್ಲು, ಗಾಳಿಬೀಡು ಕಡೆ ಸುರಿಯುವ ಮಳೆ ಎಷ್ಟು ಅಂತ ನಿಮಗೇ ಗೊತ್ತು. ಆ ನೀರು ಕಾಡಿನ ತರಗೆಲೆ, ಕೆಂಪು ಮಣ್ಣು ದಾಟಿ ಬೇಗ ಒರತೆಗೆ ಬಂದುಬಿಡುತ್ತದೆ. ದಾರಿಯಲ್ಲಿ ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗುತ್ತದೆ. ಸುಣ್ಣದ ಕಲ್ಲು ಮಾತ್ರ ನಮ್ಮ ಬೆಟ್ಟಗಳಲ್ಲಿ ಸಿಗುವುದಿಲ್ಲ. ಹಾಗಾಗಿ ಒರತೆ ನೀರು, ಮೇಲ್ಮಟ್ಟದ ಬಾವಿ ನೀರು ಮೆದುವಾಗಿರುತ್ತದೆ, ಸ್ವಲ್ಪ ಹುಳಿಯ ಗುಣ ಇರುತ್ತದೆ. ತೋಟದವರಿಗೆ ಇದು ಹೊಸದಲ್ಲ. ಮಣ್ಣು ಹುಳಿ ಅಂತ ತಾನೇ ನಾವು ಕೆಲವು ವರ್ಷಕ್ಕೊಮ್ಮೆ ತೋಟಕ್ಕೆ ಸುಣ್ಣವನ್ನೋ ಡೋಲೊಮೈಟನ್ನೋ ಎರಚುವುದು. ಅದೇ ಮಣ್ಣಿನಿಂದ ಇಳಿದ ನೀರು ನಮ್ಮ ಟ್ಯಾಂಕಿಗೆ ಬರುತ್ತಿದೆ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಪಿಎಚ್ 6.5ರಿಂದ 8.5ರ ಒಳಗಿರಬೇಕು. ಪಿಎಚ್ ಅಂದರೆ ಹುಳಿಯ ಅಳತೆ: 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಒರತೆ ನೀರು 6ರ ಆಸುಪಾಸು ಇದ್ದರೆ ಕುಡಿದವರಿಗೆ ಅದೇ ಕಾರಣಕ್ಕೆ ಏನೂ ಆಗುವುದಿಲ್ಲ. ರುಚಿಯೂ ಚೆನ್ನಾಗಿರುತ್ತದೆ. ಆದರೆ ಲೋಹಕ್ಕೆ ಅದು ಒಳ್ಳೆಯದಲ್ಲ. ಗಡಸು ನೀರಾದರೆ ಪೈಪಿನ ಒಳಮೈಗೆ ಸುಣ್ಣದ ತೆಳು ಪದರ ಕೂತು ಕಾಪಾಡುತ್ತದೆ. ಮೆದು ನೀರಿನಲ್ಲಿ ಆ ಪದರ ಕೂರುವುದಿಲ್ಲ, ಲೋಹ ನೇರವಾಗಿ ನೀರಿಗೆ ಒಡ್ಡಿಕೊಂಡಿರುತ್ತದೆ. ಕುಶಾಲನಗರ, ಶನಿವಾರಸಂತೆ ಕಡೆ ಮಳೆ ಕಡಿಮೆ, ಬೋರ್‌ವೆಲ್ ಜಾಸ್ತಿ. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರಿಗೆ ಗಡಸುತನ ಬರುತ್ತದೆ. ಜೊತೆಗೆ ಕಬ್ಬಿಣವೂ ಬರಬಹುದು. ಅಲ್ಲಿನ ಲೆಕ್ಕವೇ ಬೇರೆ.

ಪಿಎಚ್ ನೋಡಲು ದೊಡ್ಡ ಉಪಕರಣ ಬೇಡ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಪರೀಕ್ಷಿಸಲು ತಂದಿಟ್ಟ ಪಿಎಚ್ ಪೇಪರ್ ಮನೆಯಲ್ಲಿದ್ದರೆ ಅದನ್ನೇ ಅದ್ದಿ ನೋಡಿ. ಮೆದು ನೀರಿನಲ್ಲಿ ಅದು ಅಷ್ಟು ನಿಖರವಾಗಿ ತೋರಿಸುವುದಿಲ್ಲ, ಆದರೂ 6 ಕಡೆಗಿದೆಯಾ 7 ಕಡೆಗಿದೆಯಾ ಅನ್ನುವ ಅಂದಾಜು ಸಿಗುತ್ತದೆ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಬಳಸುವುದಕ್ಕೆ ಹೆಂಗಸರಿಗೆ ತರಬೇತಿಯನ್ನೂ ಕೊಟ್ಟಿದ್ದಾರೆ. ಪಂಚಾಯಿತಿಯಲ್ಲಿ ಕೇಳಿ. ಪಿಎಚ್, ಗಡಸುತನ, ಕಬ್ಬಿಣ, ಉಳಿದ ಕ್ಲೋರಿನ್ ಇಷ್ಟನ್ನು ಅದರಲ್ಲೇ ನೋಡಬಹುದು.

ಇನ್ನು ಕಲೆಗಳು ಕೂಡ ಮಾತಾಡುತ್ತವೆ. ಬೇಸಿನ್ನಿನಲ್ಲಿ ನಲ್ಲಿ ತೊಟ್ಟಿಕ್ಕುವ ಜಾಗದಲ್ಲಿ ನೀಲಿ ಹಸಿರು ಕಲೆ ಕಂಡರೆ ತಾಮ್ರ ಕರಗುತ್ತಿದೆ. ಬಕೆಟ್ಟಿನ ತಳದಲ್ಲಿ ಕೆಂಪು ಪುಡಿ ಕೂತರೆ ಕಬ್ಬಿಣ. ಹಾಲು ಹಾಕದ ಟೀ ಮಸಿಯ ಹಾಗೆ ಕಪ್ಪಾದರೂ ಕಬ್ಬಿಣವೇ, ಟೀಯಲ್ಲಿರುವ ಒಗರು ಅಂಶಕ್ಕೆ ಅದು ಸೇರಿದಾಗ ಹಾಗಾಗುತ್ತದೆ. ಕುದಿಸಿದ ನೀರಿನ ಮೇಲೆ ಜಿಡ್ಡಿನಂಥ ತೆಳು ಪೊರೆ, ಬಾಯಿಗೆ ಒಗರು: ಇದು ಹೊಸ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನಿಂದ ಬಿಡುವ ಸತು. ಇವೆಲ್ಲ ಕಣ್ಣಿಗೆ ಕಾಣುತ್ತವೆ. ಸೀಸ ಮಾತ್ರ ಕಾಣುವುದಿಲ್ಲ. ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ನನಗೆ ಹೆದರಿಕೆ ಇರುವುದು ಅದರದ್ದೇ.

ಕ್ಲೋರಿನ್ ಪೈಪನ್ನು ತಿನ್ನುತ್ತದಾ?

ತಿನ್ನುತ್ತದೆ, ಆದರೆ ಜನ ಅಂದುಕೊಂಡಷ್ಟಲ್ಲ. ಟ್ಯಾಂಕಿಗೆ ಬ್ಲೀಚಿಂಗ್ ಹಾಕಿದ ಮಾರನೇ ದಿನ ನೀರು ಕೆಂಪಾಗಿ ಬಂದರೆ "ಪೌಡರ್ ಪೈಪನ್ನೇ ತಿಂದುಹಾಕಿತು" ಅಂತ ನಿಲ್ಲಿಸಿಬಿಡುತ್ತಾರೆ. ಅಲ್ಲಿ ನಿಜವಾಗಿ ಆಗುವುದು ಬಹಳ ಸಲ ಬೇರೆಯೇ. ನೀರಿನಲ್ಲಿ ಬಣ್ಣವಿಲ್ಲದೆ ಕರಗಿದ್ದ ಕಬ್ಬಿಣವನ್ನು ಕ್ಲೋರಿನ್ ತುಕ್ಕಾಗಿ ಬದಲಿಸುತ್ತದೆ, ಆಗ ಅದು ಕಣ್ಣಿಗೆ ಬೀಳುತ್ತದೆ. ಕಬ್ಬಿಣ ನಿನ್ನೆಯೂ ನೀರಿನಲ್ಲಿತ್ತು. ಈ ಕೆಲಸಕ್ಕೆ ಕ್ಲೋರಿನ್ ಖರ್ಚಾಗುವುದೂ ಹೌದು. ಲೀಟರಿಗೆ 1 ಮಿಲಿಗ್ರಾಂ ಕಬ್ಬಿಣಕ್ಕೆ ಸುಮಾರು 0.6 ಮಿಲಿಗ್ರಾಂ ಕ್ಲೋರಿನ್ ಹೋಗುತ್ತದೆ. ಕಬ್ಬಿಣದ ಬೋರ್‌ವೆಲ್ ನೀರಿಗೆ ಎಷ್ಟು ಪೌಡರ್ ಹಾಕಿದರೂ ನಲ್ಲಿಯಲ್ಲಿ ಕ್ಲೋರಿನ್ ಸಿಗದಿರುವುದಕ್ಕೆ ಇದೇ ಕಾರಣ. ಅಂಥ ಕಡೆ ಮೊದಲು ಗಾಳಿಯಾಡಿಸಿ, ಮರಳಿನಲ್ಲಿ ಸೋಸಿ ಕಬ್ಬಿಣ ತೆಗೆಯಬೇಕು. ಕ್ಲೋರಿನ್ ಆಮೇಲೆ.

ಒಂದು ಲೆಕ್ಕ ನೋಡಿ. ಬೆಟ್ಟದ ಮೇಲಿಂದ ಧುಮುಕಿ ಬರುವ ತಣ್ಣನೆ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ನಾವು ನಲ್ಲಿಯಲ್ಲಿ ಉಳಿಸಿಕೊಳ್ಳಬೇಕಾದ ಕ್ಲೋರಿನ್ 0.2 ಮಿಲಿಗ್ರಾಂ, ವೈರಸ್ ಭಯ ಇದ್ದಾಗ 0.5. ಅಂದರೆ ಪೈಪಿಗೆ ತುಕ್ಕು ಹಿಡಿಸುವ ಮುಖ್ಯ ಕೆಲಸಗಾರ ಆಮ್ಲಜನಕ. ಅದಕ್ಕೆ ದಾರಿ ಮಾಡಿಕೊಡುವುದು ಹುಳಿ ನೀರು. ಸರಿಯಾದ ಪ್ರಮಾಣದ ಕ್ಲೋರಿನ್ ಅದರ ಮೇಲೆ ಸ್ವಲ್ಪ ಸೇರಿಸುತ್ತದೆ ಅಷ್ಟೇ.

ಆ ಸ್ವಲ್ಪ ಯಾವಾಗ ಜಾಸ್ತಿಯಾಗುತ್ತದೆ? ಪಿಎಚ್ ಕಡಿಮೆ ಇದ್ದಾಗ. ಕ್ಲೋರಿನ್ ನೀರಿಗೆ ಬಿದ್ದರೆ ಎರಡು ರೂಪದಲ್ಲಿ ಇರುತ್ತದೆ. ಒಂದು ಹೈಪೋಕ್ಲೋರಸ್ ಆಮ್ಲ, ಕ್ರಿಮಿ ಕೊಲ್ಲುವುದರಲ್ಲಿ ಇದೇ ಜೋರು. ಇನ್ನೊಂದು ಹೈಪೋಕ್ಲೋರೈಟ್, ಅದು ತುಂಬ ನಿಧಾನ. ಪಿಎಚ್ 6.5ರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜೋರಿನ ರೂಪದಲ್ಲಿರುತ್ತದೆ. 7.5ರಲ್ಲಿ ಅರ್ಧಕ್ಕರ್ಧ. 8.5ರಲ್ಲಿ ಹತ್ತರಲ್ಲಿ ಒಂದು ಪಾಲು. ಕ್ರಿಮಿಗೆ ಜೋರಾಗಿ ತಾಗುವ ಆ ರೂಪವೇ ತಾಮ್ರಕ್ಕೂ ಹಿತ್ತಾಳೆಗೂ ಜೋರಾಗಿ ತಾಗುತ್ತದೆ. ಹಾಗಂತ ಪಿಎಚ್ ತುಂಬ ಏರಿಸಿದರೆ ಪೈಪ್ ಉಳಿಯುತ್ತದೆ, ಕ್ರಿಮಿಯೂ ಉಳಿಯುತ್ತದೆ! ನಮ್ಮ ನೀರನ್ನು 7.2ರಿಂದ 7.5ರ ನಡುವೆ ತಂದು ನಿಲ್ಲಿಸಿದರೆ ಎರಡೂ ಕಡೆ ನಷ್ಟವಿಲ್ಲ. ಇಡೀ ಹೋಲಿಕೆಯಲ್ಲಿ ನಾನು ಒತ್ತಿ ಹೇಳುವ ಸಂಖ್ಯೆ ಇದೊಂದೇ.

ಕ್ಲೋರಿನ್ ಬೇಡವೇ ಬೇಡ ಅನ್ನುವವರಿಗೂ ಒಂದು ಮಾತು. ಹಳೇ ಜಿಐ ಎಲ್ಬೋ ಒಂದನ್ನು ಗರಗಸದಲ್ಲಿ ಸೀಳಿ ನೋಡಿ. ಒಳಗೆ ಕಂದು ಗಂಟುಗಳು ಒಂದರ ಮೇಲೊಂದು ಬೆಳೆದಿರುತ್ತವೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಪೆನ್ಸಿಲ್ ತೂರುವಷ್ಟು ದಾರಿ ಉಳಿದಿರುತ್ತದೆ. ಒಂದು ಗಂಟನ್ನು ಸ್ಕ್ರೂಡ್ರೈವರಿನಲ್ಲಿ ಕೆದಕಿದರೆ ಮೇಲಿನ ಹಳದಿ ತೊಗಟೆ ಉದುರಿ, ಒಳಗಿಂದ ಕಪ್ಪು ಕೆಸರು ಬರುತ್ತದೆ. ಅದರ ವಾಸನೆ ಕೊಳೆತ ಮೊಟ್ಟೆಯದು. ಅಲ್ಲಿ ಕಬ್ಬಿಣ ತಿಂದು, ಗಂಧಕ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿವೆ. ಅವುಗಳ ಕೆಳಗೆ ಲೋಹ ಇನ್ನೂ ವೇಗವಾಗಿ ಸವೆಯುತ್ತದೆ. ನೀರಿನಲ್ಲಿ ಕ್ಲೋರಿನ್ ಸ್ವಲ್ಪವೂ ಇಲ್ಲದಿದ್ದರೆ ಈ ಬ್ಯಾಕ್ಟೀರಿಯಾ, ಅವುಗಳ ಲೋಳೆ ಆರಾಮಾಗಿ ಬೆಳೆಯುತ್ತವೆ. ಹಾಗಾಗಿ ಕ್ಲೋರಿನ್ ನಿಲ್ಲಿಸಿದರೆ ಪೈಪ್ ಉಳಿಯುತ್ತದೆ ಅನ್ನುವುದು ಸರಿಯಲ್ಲ.

ಬ್ಲೀಚಿಂಗ್ ಪೌಡರ್, ದ್ರವ ಹೈಪೋ, ಈಜುಕೊಳದ ಮಾತ್ರೆ

ಮೂರನ್ನೂ ಜನ "ಕ್ಲೋರಿನ್" ಅಂತಲೇ ಕರೆಯುತ್ತಾರೆ. ಪೈಪಿನ ದೃಷ್ಟಿಯಿಂದ ಮೂರೂ ಬೇರೆ ಬೇರೆ.

ಬ್ಲೀಚಿಂಗ್ ಪೌಡರಿನಲ್ಲಿ ಸುಣ್ಣ ಇರುತ್ತದೆ. ಅದು ನೀರಿನ ಹುಳಿಯನ್ನು ಕೊಂಚ ತಗ್ಗಿಸುತ್ತದೆ, ಇದು ನಮಗೆ ಒಳ್ಳೆಯದೇ. ಹೊಸ ಪೌಡರಿನಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ಇರುತ್ತದೆ. ತೊಂದರೆ ಏನೆಂದರೆ ಅದು ತೇವ ಹೀರಿ ಸತ್ವ ಕಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಚೀಲ ಸ್ಟೋರಿನ ಮೂಲೆಯಲ್ಲಿ ಕೂತರೆ ಅದರ ಮೇಲೆ ಭರವಸೆ ಇಡಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ, ಸ್ವಲ್ಪ ಸ್ವಲ್ಪವೇ ತಂದಿಟ್ಟುಕೊಳ್ಳಿ. ಇನ್ನೊಂದು ಮುಖ್ಯ ವಿಷಯ: ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯಬೇಡಿ. ಕರಗದ ಗಸಿ ತಳದಲ್ಲಿ ಕೂತು ಪೈಪಿನ ಬಾಯಿಗೆ ಸರಿಯುತ್ತದೆ. ಕೂತಲ್ಲೇ ಲೋಹವನ್ನು ಕೊರೆಯುತ್ತದೆ, ವಾಲ್ವಿನಲ್ಲೂ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಪೇಸ್ಟ್ ಮಾಡಿ, ಮುಕ್ಕಾಲು ಬಕೆಟ್ ನೀರು ಹಾಕಿ ಕಲಕಿ, ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ.

ಎಷ್ಟು? 1000 ಲೀಟರಿಗೆ 3 ಗ್ರಾಂ ಹೊಸ ಪೌಡರ್ ಹಾಕಿದರೆ ಲೀಟರಿಗೆ ಸುಮಾರು 1 ಮಿಲಿಗ್ರಾಂ ಆಗುತ್ತದೆ. ಅಲ್ಲಿಂದ ಶುರು ಮಾಡಿ. ಅರ್ಧ ಗಂಟೆ ಬಿಟ್ಟು ಕಿಟ್ಟಿನಲ್ಲಿ ನೋಡಿ. ಟ್ಯಾಂಕಿನಲ್ಲಿ 0.5, ಕೊನೆಯ ನಲ್ಲಿಯಲ್ಲಿ 0.2 ಇದ್ದರೆ ಸಾಕು. ಇಲ್ಲದಿದ್ದರೆ ಸ್ವಲ್ಪ ಏರಿಸಿ. "ಒಂದು ಹಿಡಿ ಹಾಕು" ಅನ್ನುವ ಅಳತೆ ಪೈಪಿಗೂ ಹೊಟ್ಟೆಗೂ ಕೆಟ್ಟದ್ದು.

ದ್ರವ ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಇದರಲ್ಲಿ ಗಸಿ ಇಲ್ಲ, ಅಳೆಯುವುದು ಸುಲಭ. ನೂರಕ್ಕೆ 5ರ ದ್ರಾವಣವಾದರೆ 1000 ಲೀಟರಿಗೆ 20 ಮಿಲಿಲೀಟರ್ ಹಾಕಿದರೆ 1 ಮಿಲಿಗ್ರಾಂ ಲೆಕ್ಕ. ಇದೂ ಕ್ಷಾರದ ಕಡೆಯದೇ, ಹುಳಿ ಹೆಚ್ಚಿಸುವುದಿಲ್ಲ. ಬಿಸಿಲಿಗೆ, ಶಾಖಕ್ಕೆ ಶಕ್ತಿ ಇಳಿಯುತ್ತದೆ. ಹೋಂಸ್ಟೇಗೆ ಸಣ್ಣ ಡೋಸಿಂಗ್ ಪಂಪ್ ಹಾಕಿಸಿಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಬಟ್ಟೆಗೆ ಬಳಸುವ ಪರಿಮಳದ ಬ್ಲೀಚ್ ಬಾಟಲಿ ಮಾತ್ರ ಬೇಡ.

ಈಜುಕೊಳ ಇರುವ ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ದೊಡ್ಡ ಬಿಳಿ ಮಾತ್ರೆಗಳ ಡಬ್ಬ ಇದ್ದೇ ಇರುತ್ತದೆ. ಟಿಸಿಸಿಎ ಅಂತ ಬರೆದಿರುತ್ತದೆ. ಕೆಲಸದವರು "ಇದೂ ಕ್ಲೋರಿನ್ನೇ ಅಲ್ವಾ" ಅಂತ ಕುಡಿಯುವ ನೀರಿನ ಟ್ಯಾಂಕಿಗೆ ಒಂದು ಎಸೆದರೆ ಕಷ್ಟ. ಅದು ಕರಗಿದ ನೀರು ಬಲವಾದ ಹುಳಿ, ಅದರ ದ್ರಾವಣದ ಪಿಎಚ್ 3ರ ಹತ್ತಿರ ಇರುತ್ತದೆ. ಮೊದಲೇ ಹುಳಿ ಇರುವ ಮೆದು ನೀರಿಗೆ ಅದನ್ನು ಹಾಕಿದರೆ ಹಿತ್ತಾಳೆ ವಾಲ್ವ್, ತಾಮ್ರದ ಕಾಯಿಲ್ ಎರಡೂ ಸವೆಯುತ್ತವೆ. ಮನುಷ್ಯರು ಕುಡಿಯುವುದಕ್ಕೆ ಆ ಮಾತ್ರೆ ಮಾಡಿದ್ದೂ ಅಲ್ಲ. ಆ ಡಬ್ಬ ಬೀಗದೊಳಗೆ ಇರಲಿ.

ದನದ ಕೊಟ್ಟಿಗೆ ಅಥವಾ ಯೂರಿಯಾ ಹಾಕಿದ ತೋಟ ಬಾವಿಯ ಮೇಲ್ಗಡೆ ಇದ್ದರೆ ಇನ್ನೊಂದನ್ನು ಗಮನಿಸಿ. ನೀರಿಗೆ ಅಮೋನಿಯಾ ಸೇರಿದ್ದರೆ ಹಾಕಿದ ಕ್ಲೋರಿನ್ ಅದರ ಜೊತೆ ಸೇರಿ ಕ್ಲೋರಮೈನ್ ಆಗಿಬಿಡುತ್ತದೆ. ಕ್ಲೋರಿನ್ ಪರೀಕ್ಷೆಗೆ ಹಳದಿ ಬಣ್ಣ ಬರಿಸುವ ಓಟಿ (ಆರ್ಥೋಟಾಲಿಡಿನ್) ದ್ರಾವಣ ಬಳಸುವವರು ಬಣ್ಣ ಕೂಡಲೇ ಬರುತ್ತದಾ, ಕೆಲವು ನಿಮಿಷ ಬಿಟ್ಟು ಬರುತ್ತದಾ ನೋಡಿ. ತಡವಾಗಿ ಬಂದರೆ ಅದು ಕ್ಲೋರಮೈನ್, ಕ್ರಿಮಿ ಕೊಲ್ಲುವ ಶಕ್ತಿ ಬಹಳ ಕಡಿಮೆ. ಬಾವಿಗೆ ಕೊಟ್ಟಿಗೆ ನೀರು ಸೇರುವುದನ್ನು ತಪ್ಪಿಸದೆ ಡೋಸ್ ಏರಿಸುತ್ತಾ ಹೋದರೆ ಪ್ರಯೋಜನವಿಲ್ಲ.

ಯುವಿ ಮತ್ತು ಕುದಿಸುವುದು

ಯುವಿ ನೀರಿನ ಗುಣವನ್ನು ಬದಲಿಸುವುದಿಲ್ಲ. ಪಿಎಚ್ ಇದ್ದಷ್ಟೇ ಇರುತ್ತದೆ, ಲೋಹವೂ ಇದ್ದಷ್ಟೇ ಇರುತ್ತದೆ. ಪೈಪಿಗೆ ಅದರಿಂದ ಹಾನಿ ಇಲ್ಲ, ಲಾಭವೂ ಇಲ್ಲ. ಅದರ ಎರಡು ಮಿತಿ ನಮಗೆ ಮುಖ್ಯ. ಬೆಳಕು ಹಾದುಹೋಗಬೇಕು, ಅಂದರೆ ನೀರು ತಿಳಿಯಾಗಿರಬೇಕು. ಜುಲೈ ತಿಂಗಳ ಕೆಂಪು ನೀರಿಗೆ ಯುವಿ ಲೈಟ್ ಉರಿದರೂ ಕ್ರಿಮಿ ಮಣ್ಣಿನ ಕಣದ ಮರೆಯಲ್ಲಿ ಬದುಕಿರುತ್ತದೆ. ಎರಡನೆಯದು, ಯುವಿ ದಾಟಿದ ಮೇಲೆ ನೀರಿಗೆ ಕಾವಲಿಲ್ಲ. ಟ್ಯಾಂಕಿನ ಬುಡದಲ್ಲಿ ಯುವಿ ಕೂರಿಸಿ ಅಲ್ಲಿಂದ ನೂರು ಮೀಟರ್ ಹಳೇ ಪೈಪಿನಲ್ಲಿ ನೀರು ಹರಿಸಿದರೆ ಆ ದುಡ್ಡು ವ್ಯರ್ಥ. ಅಡುಗೆಮನೆ ನಲ್ಲಿಯ ಪಕ್ಕದಲ್ಲೇ ಇರಬೇಕು. ಕರೆಂಟ್ ಹೋದ ದಿನಗಳಿಗೆ ಬೇರೆ ವ್ಯವಸ್ಥೆಯೂ ಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಪಾಡು ಹೇಳಬೇಕಾಗಿಲ್ಲ.

ಕುದಿಸುವುದಕ್ಕೆ ಸಮನಾದ ಕ್ರಿಮಿನಾಶಕ ಮನೆಯಲ್ಲಿ ಇನ್ನೊಂದಿಲ್ಲ. ಆದರೆ ಲೋಹದ ವಿಷಯದಲ್ಲಿ ಅದು ಏನೂ ಮಾಡುವುದಿಲ್ಲ. ನೀರು ಆವಿಯಾಗಿ ಸೀಸ, ತಾಮ್ರ ಉಳಿದದ್ದರಲ್ಲೇ ಸೇರಿ ಸ್ವಲ್ಪ ಹೆಚ್ಚೇ ಆಗುತ್ತದೆ. ಬೆಳಗ್ಗೆ ಎದ್ದವರು ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನೇ ಹಿಡಿದು ಕುದಿಸಿದರೆ ಕ್ರಿಮಿ ಹೋಗುತ್ತದೆ, ಲೋಹ ಕುಡಿಯುತ್ತೇವೆ. ಮೊದಲ ಒಂದೆರಡು ನಿಮಿಷದ ನೀರನ್ನು ಬಕೆಟ್ಟಿಗೆ ಬಿಟ್ಟು ಗಿಡಕ್ಕೋ ನೆಲ ಒರೆಸುವುದಕ್ಕೋ ಇಡಿ. ತಣ್ಣಗಿನ ಹೊಸ ನೀರು ಬಂದ ಮೇಲೆ ಕುಡಿಯುವುದಕ್ಕೆ ಹಿಡಿಯಿರಿ. ಬೇಗ ಕುದಿಯಲಿ ಅಂತ ಗೀಸರ್ ನೀರನ್ನು ಅಡುಗೆಗೆ ಬಳಸುವುದು ಬೇಡವೇ ಬೇಡ. ಬಿಸಿ ನೀರು ಲೋಹವನ್ನು ಜಾಸ್ತಿ ಕರಗಿಸುತ್ತದೆ.

ಆರ್‌ಒ ಬಗ್ಗೆ, ಅಂದರೆ ನೀರನ್ನು ಒತ್ತಡದಲ್ಲಿ ಸೂಕ್ಷ್ಮ ಪೊರೆಯ ಮೂಲಕ ಸೋಸುವ ಯಂತ್ರದ ಬಗ್ಗೆ, ಹೆಚ್ಚು ಹೇಳುವುದಿಲ್ಲ. ಅದು ಸೀಸವನ್ನೂ ತೆಗೆಯುತ್ತದೆ, ಅದು ನಿಜ. ಆದರೆ ಒರತೆಯ ಮೆದು ನೀರಿಗೆ ಗಡಸುತನ ತೆಗೆಯುವ ಯಂತ್ರ ಯಾಕೆ? ಮಾರುವವರು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು) ಮೀಟರ್ ಅದ್ದಿ ಸಂಖ್ಯೆ ತೋರಿಸುತ್ತಾರೆ. ಆ ಸಂಖ್ಯೆ ಸೀಸದ ಬಗ್ಗೆಯೂ ಏನೂ ಹೇಳುವುದಿಲ್ಲ, ಕ್ರಿಮಿಯ ಬಗ್ಗೆಯೂ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಸೀಸ ಇದೆ ಅಂತ ಬಂದು, ಪೈಪ್ ಬದಲಿಸುವವರೆಗೆ ಮಕ್ಕಳಿಗೆ ಸುರಕ್ಷಿತ ನೀರು ಬೇಕು ಅಂದರೆ ಆಗ ಆರ್‌ಒ ಸರಿ.

ತಾಮ್ರದ ಹಂಡೆ, ಬಾಯ್ಲರ್, ಮತ್ತು ಬೋರ್ಡೋ ಕತ್ತಿ

ತಾಮ್ರದ ಪಾತ್ರೆಯಲ್ಲಿ ರಾತ್ರಿ ನೀರಿಡುವ ಪದ್ಧತಿ ನಮ್ಮದು. ಅದರಲ್ಲಿ ಸತ್ಯವಿದೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಸತ್ತಿದ್ದವು. ಆದರೆ ಆ ನೀರು ಸ್ವಲ್ಪ ಕ್ಷಾರದ ಕಡೆಗಿತ್ತು. ನಮ್ಮ ಹುಳಿ ನೀರು ಅದಕ್ಕಿಂತ ಹೆಚ್ಚು ತಾಮ್ರ ಕರಗಿಸುತ್ತದೆ. ಪಿಎಚ್ 6.5ಕ್ಕಿಂತ ಕಡಿಮೆ ಇದ್ದರೆ ಇದನ್ನೊಂದೇ ನೆಚ್ಚಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಇನ್ನೂ ದೊಡ್ಡ ತೊಂದರೆ ಪೈಪಿನಲ್ಲಿದೆ. ಬೋರ್ಡೋ ದ್ರಾವಣ ಕಲಸುವಾಗ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುತ್ತೇವಲ್ಲ? ಸುಣ್ಣ ಕಡಿಮೆಯಾಗಿದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಆಗ ಇನ್ನಷ್ಟು ಸುಣ್ಣ ಹಾಕುತ್ತೇವೆ. ಕತ್ತಿಯ ಮೇಲೆ ತಾಮ್ರ ಕೂರಬೇಕಾದರೆ ಅಷ್ಟೇ ಲೆಕ್ಕದ ಕಬ್ಬಿಣ ಕರಗಿ ಹೋಗಿರಬೇಕು. ತಾಮ್ರದ ಬಾಯ್ಲರಿನಿಂದ, ಗ್ಯಾಸ್ ಗೀಸರಿನ ತಾಮ್ರದ ಕಾಯಿಲಿನಿಂದ ಹೊರಟ ನೀರು ಜಿಐ ಪೈಪಿಗೆ ಹೋದರೆ ಅಲ್ಲಿ ನಡೆಯುವುದೂ ಇದೇ ಕೆಲಸ. ಕರಗಿದ ತಾಮ್ರ ಸತುವಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಕೂರುತ್ತದೆ. ಪ್ರತಿ ಚುಕ್ಕಿಯ ಸುತ್ತ ಸತು, ಆಮೇಲೆ ಕಬ್ಬಿಣ ಕೊರೆದುಹೋಗುತ್ತದೆ. ಹುಳಿ ನೀರಿಗೆ ಕ್ಲೋರಿನ್ ಸೇರಿದರೆ ತಾಮ್ರ ಇನ್ನಷ್ಟು ಕರಗುತ್ತದೆ, ಕೊರೆತವೂ ಬೇಗ. ಬಿಸಿನೀರಿನ ಲೈನ್ ಮಾತ್ರ ಪದೇ ಪದೇ ತೂತಾಗುತ್ತಿದ್ದರೆ ಮೊದಲು ಇದನ್ನೇ ನೋಡಿ. ನೀರು ಹರಿಯುವ ದಿಕ್ಕಿನಲ್ಲಿ ತಾಮ್ರ ಮೊದಲು, ಜಿಐ ಆಮೇಲೆ ಇರಬಾರದು. ಬಾಯ್ಲರಿನಿಂದ ಮುಂದಕ್ಕೆ ಬಿಸಿನೀರಿಗೆ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಾಕಿದರೆ ಈ ಕಾಟ ತಪ್ಪುತ್ತದೆ.

ಪೈಪ್ ಬದಲಿಸುವುದಾದರೆ

ಒರತೆಯಿಂದ ಟ್ಯಾಂಕಿಗೆ ಗ್ರ್ಯಾವಿಟಿಯಲ್ಲಿ ಬರುವ ಲೈನಿಗೆ ಕಪ್ಪು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪ್ ನಮ್ಮ ನೀರಿಗೆ ಚೆನ್ನಾಗಿ ಹೊಂದುತ್ತದೆ. ಹುಳಿ ಅದಕ್ಕೆ ತಾಗುವುದಿಲ್ಲ, ಬೆಟ್ಟದ ಏರಿಳಿತಕ್ಕೆ ಬಾಗುತ್ತದೆ. ಮನೆಯೊಳಗೆ ತಣ್ಣೀರಿಗೆ ಯುಪಿವಿಸಿ, ಬಿಸಿಗೆ ಸಿಪಿವಿಸಿ. ಪಿವಿಸಿಯಲ್ಲಿ ಒಂದು ಎಚ್ಚರ ಬೇಕು. ನಮ್ಮ ದೇಶದಲ್ಲಿ ಪಿವಿಸಿ ಪೈಪ್ ಗಟ್ಟಿಯಾಗಿ ಬಾಳಲಿ ಅಂತ ಸೀಸದ ಸ್ಟೆಬಿಲೈಸರ್ ಬಳಸುತ್ತಿದ್ದರು. ಅದನ್ನು ನಿಲ್ಲಿಸಲು ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ನಿಯಮ ತಂದಿತು. ಹಾಗಾಗಿ ಸೀಸ ರಹಿತ ಅಂತ ಮುದ್ರೆ ಇರುವ, ಐಎಸ್ಐ ಗುರುತಿನ ಪೈಪನ್ನೇ ಕೇಳಿ ತನ್ನಿ. ಹಳೇ ಸ್ಟಾಕ್ ಅಗ್ಗಕ್ಕೆ ಕೊಡುತ್ತೇವೆ ಅಂದರೆ ಕುಡಿಯುವ ನೀರಿಗೆ ಬೇಡ.

ಜಿಐ ಪೈಪಿನ ಸತುವಿನಲ್ಲೂ ಸ್ವಲ್ಪ ಸೀಸ ಬೆರೆತಿರಬಹುದು, ಸತು ಕರಗುವಾಗ ಅದೂ ಹೊರಬರುತ್ತದೆ. ಹಿತ್ತಾಳೆ ನಲ್ಲಿಗಳಲ್ಲಿ ಕಡೆಯುವುದಕ್ಕೆ ಸುಲಭವಾಗಲಿ ಅಂತಲೇ ಸೀಸ ಸೇರಿಸುವುದುಂಟು. ಪೈಪೆಲ್ಲ ಪ್ಲಾಸ್ಟಿಕ್ ಮಾಡಿ, ಕೊನೆಯಲ್ಲಿ ತೂಕವಿಲ್ಲದ ಅಗ್ಗದ ಹಿತ್ತಾಳೆ ನಲ್ಲಿ ಹಾಕಿದರೆ ಕುಡಿಯುವ ಲೋಟಕ್ಕೆ ಅತಿ ಹತ್ತಿರದಲ್ಲೇ ಸೀಸ ಇಟ್ಟಂತಾಯಿತು. ಅಡುಗೆಮನೆಯ ಒಂದು ನಲ್ಲಿಗಾದರೂ ಒಳ್ಳೆಯ ಸ್ಟೀಲಿನದು ಹಾಕಿಸಿ.

ಪೈಪನ್ನು ಮರೆತು ನೀರನ್ನು ಬದಲಿಸಿದವರು

ಇದು ಸಣ್ಣ ವಿಷಯವಲ್ಲ ಅನ್ನುವುದಕ್ಕೆ ಅಮೆರಿಕದ ಎರಡು ಊರುಗಳು ಸಾಕ್ಷಿ. ವಾಷಿಂಗ್ಟನ್ ನಗರದಲ್ಲಿ 2000ದ ನವೆಂಬರ್‌ನಲ್ಲಿ ಕ್ಲೋರಿನ್ ಬಿಟ್ಟು ಕ್ಲೋರಮೈನ್‌ಗೆ ಬದಲಾದರು. ಉದ್ದೇಶ ಒಳ್ಳೆಯದೇ, ಕ್ಲೋರಿನ್ನಿನಿಂದ ಹುಟ್ಟುವ ಕೆಲವು ಹಾನಿಕಾರಕ ವಸ್ತುಗಳನ್ನು ಕಡಿಮೆ ಮಾಡುವುದು. ಆದರೆ ಅಲ್ಲಿನ ಹಳೇ ಸೀಸದ ಪೈಪುಗಳ ಒಳಗೆ ಕ್ಲೋರಿನ್ ಇದ್ದ ಕಾರಣಕ್ಕೇ ಸೀಸದ ಡೈಆಕ್ಸೈಡ್ ಪದರ ಗಟ್ಟಿಯಾಗಿ ನಿಂತಿತ್ತು. ಕ್ಲೋರಮೈನ್ ಬಂದ ಮೇಲೆ ಆ ಪದರ ಕರಗತೊಡಗಿತು. ಮನೆಮನೆಯ ನೀರಿನಲ್ಲಿ ಸೀಸ ಏರಿತು. 2004ರಲ್ಲಿ ನೀರಿಗೆ ಪೈಪ್ ಕಾಪಾಡುವ ಆರ್ಥೋಫಾಸ್ಫೇಟ್ ಸೇರಿಸಲು ಶುರು ಮಾಡಿದ ಮೇಲೆ ಅದು ಇಳಿಯಿತು.

ಫ್ಲಿಂಟ್ ಊರಿನ ಕತೆ ಇನ್ನೂ ನೋವಿನದು. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ನದಿ ನೀರಿಗೆ ಬದಲಾದರು. ಆ ನೀರಿನಲ್ಲಿ ಕ್ಲೋರೈಡ್ ಹೆಚ್ಚು, ಪೈಪ್ ಕಾಪಾಡುವ ಫಾಸ್ಫೇಟ್ ಹಾಕಲೇ ಇಲ್ಲ. ಸೀಸ ಕರಗಿತು. ಕಬ್ಬಿಣದ ಪೈಪುಗಳು ಹಾಕಿದ ಕ್ಲೋರಿನ್ನನ್ನೆಲ್ಲ ತಿಂದುಹಾಕಿದವು, ನಲ್ಲಿಯಲ್ಲಿ ಕಾವಲಿಲ್ಲದ ನೀರು ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ ತನ್ನ ಬಿಡಿಭಾಗಗಳು ತುಕ್ಕು ಹಿಡಿಯುತ್ತಿವೆ ಅಂತ ಆ ನೀರು ಬಿಟ್ಟಿತು. ಮಕ್ಕಳು ಇನ್ನೂ ಒಂದು ವರ್ಷ ಅದನ್ನೇ ಕುಡಿದರು. ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ತೋಟದ ಕೆಲಸಗಾರರ ಲೈನ್ ಮನೆಗಳ ನೆನಪಾಗುತ್ತದೆ. ತೋಟದ ಅತಿ ಹಳೆಯ ಪೈಪು, ಅತಿ ಉದ್ದದ ಲೈನು, ಅತಿ ಅಗ್ಗದ ನಲ್ಲಿ ಅಲ್ಲಿಗೇ ಹೋಗಿರುತ್ತದೆ. ಬೆಳಗಿನ ಮೊದಲ ನೀರನ್ನು ಹಿಡಿಯುವವರೂ ಅವರೇ. ಮಾಲೀಕರ ಮನೆಗೆ ಫಿಲ್ಟರ್ ಕೂರಿಸುವ ಮೊದಲು ಆ ಲೈನನ್ನು ನೋಡುವುದು ನ್ಯಾಯ.

ಹಾಗಾದರೆ ಯಾರಿಗೆ ಯಾವುದು?

ಸ್ವಂತ ಒರತೆ ಅಥವಾ ಬಾವಿ ಇರುವ, ನಾಲ್ಕೈದು ಜನರ ಮನೆಗೆ ನನ್ನ ಆಯ್ಕೆ ಹೀಗೆ: ಒರತೆ ಬಾಯಿಗೆ ಮುಚ್ಚಿಗೆ, ಎಚ್‌ಡಿಪಿಇ ಲೈನ್, ಪಿಎಚ್ ಸರಿಮಾಡುವುದು, ಅಡುಗೆಮನೆಯಲ್ಲಿ ಕುದಿಸುವುದು ಅಥವಾ ಯುವಿ. ಟ್ಯಾಂಕನ್ನು ಮಳೆಗಾಲಕ್ಕೆ ಮುಂಚೆ, ಮಳೆ ನಿಂತ ಮೇಲೆ ತೊಳೆದು ಕ್ಲೋರಿನ್ ಹಾಕಿ ಹೊರಬಿಟ್ಟರೆ ಸಾಕು. ದಿನವೂ ಕ್ಲೋರಿನ್ ಬೇಕಾಗಿಲ್ಲ.

ಹೋಂಸ್ಟೇ, ಲೈನ್ ಮನೆ, ಶಾಲೆ ಹೀಗೆ ಒಂದು ಟ್ಯಾಂಕಿನಿಂದ ಹಲವು ನಲ್ಲಿಗೆ ನೀರು ಹೋಗುವ ಕಡೆ ಕ್ಲೋರಿನ್ನನ್ನೇ ಆರಿಸಿ. ಪೈಪಿನುದ್ದಕ್ಕೂ ಕಾವಲಿರುವುದು ಅದಕ್ಕೆ ಮಾತ್ರ. ಬಂದ ಅತಿಥಿ ಹಲ್ಲುಜ್ಜುವ ನಲ್ಲಿಯ ನೀರನ್ನೂ ಬಾಯಿಗೆ ಹಾಕುತ್ತಾನೆ, ಅಲ್ಲಿ ಯುವಿ ಇರುವುದಿಲ್ಲ. ಆದರೆ ಪಿಎಚ್ ಸರಿಮಾಡಿದ ಮೇಲೆಯೇ ಕ್ಲೋರಿನ್ ಹಾಕಿ.

ಮಡಿಕೇರಿಯಲ್ಲಿ ಕೂಟುಹೊಳೆ ನೀರು ಬರುವ ಮನೆಯವರಾಗಲಿ, ಬೇರೆ ಪೇಟೆಗಳಲ್ಲಿ ಪುರಸಭೆ ನೀರಿನವರಾಗಲಿ, ಮನೆಯ ಟ್ಯಾಂಕಿಗೆ ತಾವಾಗಿ ಪೌಡರ್ ಹಾಕುವ ಅಗತ್ಯವಿಲ್ಲ. ಬರುವ ನೀರಿಗೆ ಕ್ಲೋರಿನ್ ಆಗಿರುತ್ತದೆ. ಟ್ಯಾಂಕ್ ಸ್ವಚ್ಛವಾಗಿಡಿ, ಬೆಳಗ್ಗೆ ನೀರು ಹರಿಯಬಿಡಿ, ಮಳೆಗಾಲದಲ್ಲಿ ಕುದಿಸಿ.

ಪಿಎಚ್ ಸರಿಮಾಡುವುದು ಹೇಗೆ ಅಂತ ಕೇಳುತ್ತೀರಿ. ಅತಿ ಅಗ್ಗದ ದಾರಿ ಗಾಳಿ. ಟ್ಯಾಂಕಿಗೆ ಬೀಳುವ ಪೈಪಿನ ಬಾಯಿಗೆ ಶವರಿನಂತೆ ತೂತು ಮಾಡಿ, ನೀರು ಸಣ್ಣ ಸಣ್ಣ ಎಳೆಯಾಗಿ ಎರಡು ಮೂರು ಜರಡಿ ತಟ್ಟೆ ದಾಟಿ ಬೀಳುವ ಹಾಗೆ ಮಾಡಿ. ಕರಗಿದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಹುಳಿ ಇಳಿಯುತ್ತದೆ. ಅದರಿಂದಲೂ ಸಾಲದಿದ್ದರೆ ಸುಣ್ಣದ ಕಲ್ಲಿನ ಹರಳು ತುಂಬಿದ ಫಿಲ್ಟರ್, ಕ್ಯಾಲ್ಸೈಟ್ ಫಿಲ್ಟರ್ ಅಂತ ಸಿಗುತ್ತದೆ. ನೀರು ಅದರ ಮೂಲಕ ಹೋಗುವಾಗ ಹರಳು ನಿಧಾನ ಕರಗಿ ಪಿಎಚ್ ಏರುತ್ತದೆ, ಸ್ವಲ್ಪ ಗಡಸುತನವೂ ಬರುತ್ತದೆ. ಹರಳು ಸವೆದಂತೆ ತುಂಬಿಸುತ್ತಿರಬೇಕು. ತೋಟಕ್ಕೆ ತಂದ ಸುಣ್ಣವನ್ನೋ ಡೋಲೊಮೈಟ್ ಪುಡಿಯನ್ನೋ ಟ್ಯಾಂಕಿಗೆ ಸುರಿಯಬೇಡಿ. ಅದರಲ್ಲಿ ಏನೇನು ಬೆರೆತಿದೆಯೋ ಗೊತ್ತಿಲ್ಲ, ಪಿಎಚ್ ಕೂಡ ಹಿಡಿತಕ್ಕೆ ಸಿಗುವುದಿಲ್ಲ.

ಕೊನೆಯದಾಗಿ ಪರೀಕ್ಷೆ. ಹಳ್ಳಿಯ ಕಿಟ್ ಸೀಸ ತೋರಿಸುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಬಸುರಿಯರಿದ್ದರೆ, ಪೈಪ್ ಹಳೆಯದಾಗಿದ್ದರೆ ಒಂದು ಸಲ ಲೋಹಗಳ ಪರೀಕ್ಷೆ ಮಾಡುವ ಲ್ಯಾಬಿಗೆ ಕಳಿಸಿ. ಲೀಟರಿಗೆ 0.01 ಮಿಲಿಗ್ರಾಂ ಸೀಸ ನಮ್ಮ ಮಾನಕದ ಮಿತಿ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಬಾಟಲಿ ಹಿಡಿಯಿರಿ. ಒಂದು ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು, ರಾತ್ರಿಯಿಡೀ ನಿಂತ ನೀರು. ಇನ್ನೊಂದು ಐದು ನಿಮಿಷ ಹರಿಯಬಿಟ್ಟ ಮೇಲೆ. ಬಾಟಲಿಗಳ ಮೇಲೆ ಯಾವುದು ಯಾವುದು ಅಂತ ಬರೆಯಿರಿ. ಮೊದಲನೆಯದರಲ್ಲಿ ಮಾತ್ರ ಸೀಸ ಜಾಸ್ತಿ ಇದ್ದರೆ ಅದು ನಿಮ್ಮ ನಲ್ಲಿ ಅಥವಾ ಮನೆಯೊಳಗಿನ ಪೈಪಿನಿಂದ ಬಂದದ್ದು, ಬದಲಿಸುವುದು ಸುಲಭ. ಎರಡರಲ್ಲೂ ಇದ್ದರೆ ಟ್ಯಾಂಕಿನಿಂದ ಹಿಡಿದು ಹೊರಗಿನ ಲೈನಿನವರೆಗೆ ಒಂದೊಂದು ತುಂಡನ್ನೂ ನೋಡಬೇಕು. ಅಲ್ಲಿಯವರೆಗೆ ಕುಡಿಯಲು, ಅಡುಗೆಗೆ, ಮಗುವಿನ ಹಾಲಿಗೆ ಆ ನಲ್ಲಿಯ ನೀರು ಬೇಡ.